ಕಾಲೇಜು ಲೈಬ್ರರಿಗೆ ವಿಡಿಯೊ ಗೇಮ್ ತರುವುದಾದರೆ: ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು

ನಮ್ಮ ಕಾಲೇಜಿನ ಡಿಸೈನ್ ವಿಭಾಗದ ಮೇಷ್ಟ್ರೊಬ್ಬರು ಹೋದ ವರ್ಷ ಒಂದು ಚೀಟಿ ಹಿಡಿದುಕೊಂಡು ಲೈಬ್ರರಿಗೆ ಬಂದರು. ಚೀಟಿಯಲ್ಲಿ ಹನ್ನೆರಡು ಹೆಸರು. ಹನ್ನೆರಡೂ ವಿಡಿಯೊ ಗೇಮ್. "ಈ ಸೆಮಿಸ್ಟರ್ ಹುಡುಗರು ಇವನ್ನು ಆಡಿಕೊಂಡು ಕ್ಲಾಸಿಗೆ ಬರಬೇಕು. ಪುಸ್ತಕ ತರಿಸಿಕೊಡ್ತೀರಲ್ಲ, ಹಾಗೇ ಇವನ್ನೂ ತರಿಸಿಕೊಡಿ" ಅಂದರು. ಕೇಳಿದ್ದು ನ್ಯಾಯವೇ. ಸಿನಿಮಾ ತೋರಿಸದೆ ಸಿನಿಮಾ ಪಾಠ ಮಾಡೋಕಾಗುತ್ತಾ? ಆದರೆ ಹುಡುಕುತ್ತಾ ಹೋದಾಗ ಗೊತ್ತಾಯಿತು, ಆ ಹನ್ನೆರಡರಲ್ಲಿ ಪುಸ್ತಕದ ಹಾಗೆ ಕೊಂಡು ಕಪಾಟಿನಲ್ಲಿ ಇಡಬಹುದಾಗಿದ್ದು ಐದೇ ಐದು. ಮೂರು ಡೌನ್‌ಲೋಡ್ ಆಗಿ ಮಾತ್ರ ಸಿಗುತ್ತಿದ್ದವು. ಎರಡು ಕಂಪನಿಯ ಸರ್ವರ್ ಇಲ್ಲದೆ ತೆರೆದುಕೊಳ್ಳುವುದೇ ಇಲ್ಲ. ಉಳಿದೆರಡು ಯಾವ ಅಂಗಡಿಯಲ್ಲೂ ಇರಲಿಲ್ಲ.

ನಾನು ಓದುವಾಗ ಅಮೆರಿಕದ ಒಂದು ವಿಶ್ವವಿದ್ಯಾಲಯದ ಲೈಬ್ರರಿ ಕೌಂಟರಿನಲ್ಲಿ ಎರಡು ವರ್ಷ ಕೂತಿದ್ದೆ. ಗೇಮ್ ಕೊಡುವುದು, ವಾಪಸ್ ತೆಗೆದುಕೊಳ್ಳುವುದು ನನ್ನ ಕೆಲಸ. ಆ ಎರಡು ವರ್ಷದಲ್ಲಿ ಕಲಿತದ್ದು, ಈ ಚೀಟಿ ಹಿಡಿದು ಓಡಾಡುವಾಗ ಕಲಿತದ್ದು, ಎರಡನ್ನೂ ಇಲ್ಲಿ ಬರೆಯುತ್ತಿದ್ದೇನೆ. ಎಲ್ಲ ಆಯ್ಕೆಗಳನ್ನೂ ನಾನು ಒಂದೇ ಪ್ರಶ್ನೆ ಇಟ್ಟುಕೊಂಡು ತೂಗುತ್ತೇನೆ: ಇವತ್ತು ಕೊಂಡ ಆಟವನ್ನು ಹತ್ತು ವರ್ಷ ಬಿಟ್ಟು ಬರುವ ವಿದ್ಯಾರ್ಥಿ ಆಡಬಹುದಾ? ಲೈಬ್ರರಿ ಅಂದಮೇಲೆ ಅವರಿಗೂ ನಾವು ಉತ್ತರ ಹೇಳಬೇಕಲ್ವಾ.

ಮನೆಗೆ ಕೊಡುವುದೋ, ಇಲ್ಲೇ ಆಡಿಸುವುದೋ

ಒಂದು ರೂಪಾಯಿ ಖರ್ಚು ಮಾಡುವ ಮೊದಲು ಇದನ್ನು ತೀರ್ಮಾನ ಮಾಡಿಕೊಳ್ಳಿ.

ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಅರ್ಬಾನಾ-ಶಾಂಪೇನ್ ಕ್ಯಾಂಪಸ್ಸಿನ ಲೈಬ್ರರಿ ಗೇಮ್‌ಗಳನ್ನು ಪುಸ್ತಕದಂತೆಯೇ ಮನೆಗೆ ಕೊಡುತ್ತದೆ. ಮಿಶಿಗನ್ ವಿಶ್ವವಿದ್ಯಾಲಯದ ದಾರಿ ಬೇರೆ. ಅಲ್ಲಿನ ಕಂಪ್ಯೂಟರ್ ಅಂಡ್ ವಿಡಿಯೊ ಗೇಮ್ ಆರ್ಕೈವ್ 2008ರಲ್ಲಿ ಶುರುವಾಯಿತು. 1970ರ ದಶಕದ ಯಂತ್ರಗಳಿಂದ ಹಿಡಿದು ಇವತ್ತಿನವರೆಗಿನ ಕನ್ಸೋಲ್‌ಗಳಿವೆ, ಅಂದರೆ ಟಿವಿಗೆ ಸೇರಿಸಿ ಗೇಮ್ ಆಡುವ ಯಂತ್ರಗಳು, ಜೊತೆಗೆ ಸಾವಿರಾರು ಆಟಗಳಿವೆ. ಆದರೆ ಯಾವುದೂ ಹೊಸ್ತಿಲು ದಾಟುವುದಿಲ್ಲ. ಬಂದು, ಕೂತು, ಆಡಿ, ಎದ್ದು ಹೋಗಬೇಕು.

ಮನೆಗೆ ಕೊಡುವುದರಲ್ಲಿ ಒಂದು ದೊಡ್ಡ ಅನುಕೂಲ ಇದೆ. ನಲವತ್ತು ಗಂಟೆಯ ಕಥೆ ಇರುವ ಆಟವನ್ನು ಲೈಬ್ರರಿಯ ಕುರ್ಚಿಯಲ್ಲಿ ಮುಗಿಸೋಕಾಗಲ್ಲ. ಆದರೆ ಮನೆಗೆ ಒಯ್ದವರ ಹತ್ತಿರ ಕನ್ಸೋಲ್ ಇರಬೇಕು. ಸೋನಿ ಕಂಪನಿಯ ಕನ್ಸೋಲ್ ಪ್ಲೇಸ್ಟೇಷನ್ 5 (ಪಿಎಸ್5) ಭಾರತಕ್ಕೆ 2021ರಲ್ಲಿ ಬಂದಾಗ ಡಿಸ್ಕ್ ಡ್ರೈವ್ ಇರುವುದರ ಬೆಲೆ 49,990 ರೂಪಾಯಿ. ನಮ್ಮ ಹಾಸ್ಟೆಲ್ ಹುಡುಗರಲ್ಲಿ ಎಷ್ಟು ಜನರ ಹತ್ತಿರ ಇದು ಇದ್ದೀತು? ಇದ್ದವರಿಗೇ ಕೊಟ್ಟ ಹಾಗಾಗುತ್ತದೆ.

ಕೌಂಟರಿನಲ್ಲಿ ನಾನು ಕಲಿತ ಮೊದಲ ಪಾಠ, ಡಬ್ಬ ವಾಪಸ್ ಬಂದ ತಕ್ಷಣ ತೆಗೆದು ನೋಡುವುದು. ಡಬ್ಬ ಬಂದಿರುತ್ತದೆ, ಡಿಸ್ಕ್ ಹುಡುಗನ ರೂಮಿನ ಕನ್ಸೋಲಿನೊಳಗೇ ಉಳಿದಿರುತ್ತದೆ. ವಾರಕ್ಕೆ ಎರಡು ಮೂರು ಸಲ ಹೀಗಾಗುತ್ತಿತ್ತು. ಯಾರದೂ ಕೆಟ್ಟ ಬುದ್ಧಿಯಲ್ಲ, ಮರೆವು ಅಷ್ಟೆ. ಎರಡನೆಯ ಪಾಠ, ಡಿಸ್ಕನ್ನು ದೀಪದ ಕೆಳಗೆ ಓರೆಯಾಗಿ ಹಿಡಿದು ನೋಡುವುದು. ನಡುವಿನಿಂದ ಅಂಚಿನ ಕಡೆಗೆ ಹೋದ ಗೀರು ಸಾಮಾನ್ಯವಾಗಿ ಅಷ್ಟು ತೊಂದರೆ ಕೊಡುವುದಿಲ್ಲ. ಬಳೆಯ ಹಾಗೆ ಸುತ್ತಿಕೊಂಡು ಹೋದ ಗೀರು ಕಂಡರೆ ಎದೆ ಧಸಕ್ಕೆನ್ನುತ್ತಿತ್ತು. ಡಿಸ್ಕಿನಲ್ಲಿ ಮಾಹಿತಿ ಬರೆದಿರುವುದೂ ಅದೇ ದಿಕ್ಕಿನಲ್ಲಿ, ಹಾಗಾಗಿ ಅಂಥ ಗೀರು ಒಂದೇ ಕಡೆ ಉದ್ದಕ್ಕೂ ಅಳಿಸಿಬಿಡುತ್ತದೆ. ಡಿಸ್ಕ್ ತಿರುಗುತ್ತಿರುವಾಗ ಯಾರೋ ಕನ್ಸೋಲನ್ನು ಎತ್ತಿ ಪಕ್ಕಕ್ಕಿಟ್ಟಿರುತ್ತಾರೆ, ಅಲ್ಲಿಗೆ ಆ ಆಟ ಮುಗಿಯಿತು.

ಕಾನೂನಿನ ಮಾತೂ ಸ್ವಲ್ಪ ಗೊತ್ತಿರಲಿ. ಅಮೆರಿಕ 1990ರಲ್ಲಿ ಸಾಫ್ಟ್‌ವೇರ್ ಬಾಡಿಗೆಗೆ ಕೊಡುವುದನ್ನು ತಡೆಯಿತು. ಆದರೆ ಲಾಭಕ್ಕಲ್ಲದೆ ನಡೆಯುವ ಲೈಬ್ರರಿಗೆ ವಿನಾಯಿತಿ ಕೊಟ್ಟಿತು. ಕನ್ಸೋಲಿನ ಆಟಗಳನ್ನಂತೂ ಆ ತಡೆಯಿಂದಲೇ ಹೊರಗಿಟ್ಟಿತು. ಅಲ್ಲಿನ ಲೈಬ್ರರಿಗಳು ಧೈರ್ಯವಾಗಿ ಗೇಮ್ ಎರವಲು ಕೊಡುವುದು ಇದರ ಬಲದ ಮೇಲೆ. ನಮ್ಮ 1957ರ ಕಾಪಿರೈಟ್ ಕಾಯ್ದೆಯ 14ನೇ ಸೆಕ್ಷನ್ ಕಂಪ್ಯೂಟರ್ ಪ್ರೋಗ್ರಾಮನ್ನು ವ್ಯಾಪಾರಕ್ಕೆ ಬಾಡಿಗೆ ಕೊಡುವ ಹಕ್ಕನ್ನು ಅದರ ಒಡೆಯರಿಗೇ ಇಟ್ಟಿದೆ. ಹಾಗಾಗಿ ಮನೆಗೆ ಕೊಟ್ಟರೂ ಇಲ್ಲೇ ಆಡಿಸಿದರೂ ಗಂಟೆಗಿಷ್ಟು, ದಿನಕ್ಕಿಷ್ಟು ಅಂತ ದುಡ್ಡು ಮಾತ್ರ ತೆಗೆದುಕೊಳ್ಳಬೇಡಿ. ಕಾಲೇಜಿನ ವಕೀಲರನ್ನು ಒಮ್ಮೆ ಕೇಳಿಯೇ ಮುಂದುವರಿಯಿರಿ.

ನಾನು ಆರಿಸಿಕೊಂಡದ್ದು ಕೋಣೆ. ಎರಡು ಟಿವಿ, ಎರಡು ಕನ್ಸೋಲ್, ಹೆಡ್‌ಫೋನು, ಮೂರು ಮೂರು ಗಂಟೆಯ ಬುಕಿಂಗ್. ಉದ್ದದ ಆಟಕ್ಕೆ ಏನು ಮಾಡೋದು ಅಂದರೆ, ನಾಲ್ಕು ಜನರ ಗುಂಪಿಗೆ ಕನ್ಸೋಲಿನಲ್ಲಿ ಒಂದು ಪ್ರೊಫೈಲ್ ಮಾಡಿಕೊಡಿ. ಒಬ್ಬ ಬಿಟ್ಟ ಕಡೆಯಿಂದ ಇನ್ನೊಬ್ಬಳು ಮುಂದುವರಿಸುತ್ತಾಳೆ. ಒಂದು ಎಚ್ಚರಿಕೆ: ಪಿಎಸ್5 ಆಟದ ಸೇವ್ ಫೈಲನ್ನು, ಅಂದರೆ ಎಲ್ಲಿಯವರೆಗೆ ಆಡಿದೆವು ಅನ್ನುವ ದಾಖಲೆಯನ್ನು, ಬಿಡಿಯಾಗಿ ಪೆನ್‌ಡ್ರೈವಿಗೆ ಹಾಕಿಕೊಳ್ಳೋಕಾಗಲ್ಲ. ಕನ್ಸೋಲ್ ಕೆಟ್ಟರೆ ಆಡಿದ್ದೆಲ್ಲ ಹೋದೀತು, ಹಾಗಾಗಿ ಇಡೀ ಕನ್ಸೋಲಿನ ಬ್ಯಾಕಪ್ ತೆಗೆದಿಡಬೇಕು, ಇಲ್ಲವೇ ಕ್ಲೌಡಿಗೆ ಚಂದಾ ಕಟ್ಟಬೇಕು.

ಡಿಸ್ಕೋ, ಡೌನ್‌ಲೋಡೋ

ಡಿಸ್ಕ್. ಇದರಲ್ಲಿ ನನಗೆ ಎರಡನೇ ಮಾತಿಲ್ಲ. ಆದರೆ ಎಲ್ಲ ಡಿಸ್ಕೂ ಒಂದೇ ಅಲ್ಲ, ಅದನ್ನು ಬಿಡಿಸಿ ಹೇಳಬೇಕು.

ಡ್ರೈವ್ ಇಲ್ಲದ ಪಿಎಸ್5 ಬಂದಾಗ ಹತ್ತು ಸಾವಿರ ಕಡಿಮೆಗೆ ಸಿಗುತ್ತಿತ್ತು. ಖರೀದಿ ಸಮಿತಿಯಲ್ಲಿ ಯಾರಾದರೂ ಅದನ್ನೇ ತೆಗೆದುಕೊಳ್ಳೋಣ ಅಂದೇ ಅನ್ನುತ್ತಾರೆ. ಬೇಡ. ಡೌನ್‌ಲೋಡ್ ಮಾಡಿದ ಆಟ ಒಂದು ಅಕೌಂಟಿಗೆ ಅಂಟಿಕೊಂಡಿರುತ್ತದೆ. ಆ ಅಕೌಂಟ್ ಒಬ್ಬ ಮನುಷ್ಯನ ಹೆಸರಿನಲ್ಲಿರುತ್ತದೆ, ಆ ಮನುಷ್ಯರು ನಾಳೆ ವರ್ಗವಾಗುತ್ತಾರೆ, ನಿವೃತ್ತಿಯಾಗುತ್ತಾರೆ. ಅಂಗಡಿಯೇ ಮುಚ್ಚಿಬಿಡಬಹುದು. ನಿಂಟೆಂಡೊ ತನ್ನ 3ಡಿಎಸ್ ಮತ್ತು ವೀ ಯು ಯಂತ್ರಗಳ ಆನ್‌ಲೈನ್ ಅಂಗಡಿಯಲ್ಲಿ ಮಾರಾಟವನ್ನು 2023ರ ಮಾರ್ಚಿನಲ್ಲಿ ನಿಲ್ಲಿಸಿತು. ಮೈಕ್ರೋಸಾಫ್ಟ್ ಎಕ್ಸ್‌ಬಾಕ್ಸ್ 360ರ ಅಂಗಡಿಯನ್ನು 2024ರ ಜುಲೈನಲ್ಲಿ ಮುಚ್ಚಿತು. ಡಿಸ್ಕ್ ಇಲ್ಲದೆ ಅಲ್ಲಿ ಮಾತ್ರ ಮಾರುತ್ತಿದ್ದ ಆಟಗಳನ್ನು ಇನ್ನು ಯಾವ ಲೈಬ್ರರಿಯೂ ಹೊಸದಾಗಿ ಕೊಳ್ಳುವ ಹಾಗಿಲ್ಲ. ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಹಾಕಿದಾಗ, 2010ಕ್ಕಿಂತ ಹಿಂದೆ ಅಲ್ಲಿ ಬಿಡುಗಡೆಯಾದ ಆಟಗಳಲ್ಲಿ ನೂರಕ್ಕೆ 87 ಮಾರುಕಟ್ಟೆಯಲ್ಲೇ ಇರಲಿಲ್ಲ. ಓದಿದ ದಿನ ಹೊಟ್ಟೆಗೆ ಸಂಕಟವಾಯಿತು. ನೂರು ಪುಸ್ತಕದಲ್ಲಿ 87 ಅಂಗಡಿಯಲ್ಲಿಲ್ಲ ಅಂದರೆ ಲೈಬ್ರರಿಗೆ ಹೋಗುತ್ತೇವೆ. ಆಟಕ್ಕೆ ಎಲ್ಲಿಗೆ ಹೋಗೋಣ?

ಡಿಸ್ಕ್ ಇದ್ದರೆ ಏನು ಲಾಭ ಅನ್ನುವುದಕ್ಕೆ ಸೈಬರ್‌ಪಂಕ್ 2077 ಒಳ್ಳೆಯ ಉದಾಹರಣೆ. 2020ರ ಡಿಸೆಂಬರಿನಲ್ಲಿ ಬಂತು, ದೋಷಗಳು ತುಂಬಿಕೊಂಡು ಬಂತು. ಕೆಲವೇ ದಿನಕ್ಕೆ ಸೋನಿ ಅದನ್ನು ತನ್ನ ಆನ್‌ಲೈನ್ ಅಂಗಡಿಯಿಂದ ತೆಗೆದುಹಾಕಿತು. ಅದು ಮತ್ತೆ ಬಂದದ್ದು 2021ರ ಜೂನಿನಲ್ಲಿ. ಡಿಸ್ಕ್ ಕೊಂಡಿದ್ದವರ ಕಪಾಟಿನಲ್ಲಿ ಆಟ ಎಲ್ಲಿತ್ತೋ ಅಲ್ಲೇ ಇತ್ತು. ಅಷ್ಟೇ ಅಲ್ಲ, ಆ ಡಿಸ್ಕಿನಲ್ಲಿ ಇರುವುದು ತಿದ್ದುಪಡಿ ಆಗದ ಮೊದಲ ರೂಪ. ಒಂದು ಆಟ ಹೇಗೆ ಎಡವಿತು, ಆಮೇಲೆ ಹೇಗೆ ಎದ್ದಿತು ಅಂತ ಪಾಠ ಮಾಡುವವರಿಗೆ ಅದು ಚಿನ್ನ. ನೆಟ್ ಹಾಕದೆ ಇನ್‌ಸ್ಟಾಲ್ ಮಾಡಿದರೆ ಆ ಮೊದಲ ರೂಪವೇ ಸಿಗುತ್ತದೆ.

ಈಗ ಇನ್ನೊಂದು ಕಡೆ ನೋಡಿ. ಯೂಬಿಸಾಫ್ಟ್‌ನ ದಿ ಕ್ರೂ, 2014ರ ಕಾರ್ ರೇಸಿನ ಆಟ. ಅದಕ್ಕೂ ಡಿಸ್ಕ್ ಇತ್ತು. ಆದರೆ ಒಬ್ಬರೇ ಆಡುವಾಗಲೂ ಕಂಪನಿಯ ಸರ್ವರಿಗೆ ಸೇರಿಕೊಳ್ಳಲೇಬೇಕಿತ್ತು. 2024ರ ಮಾರ್ಚ್ 31ಕ್ಕೆ ಸರ್ವರ್ ನಿಂತಿತು, ಡಿಸ್ಕ್ ಬರೀ ಪ್ಲಾಸ್ಟಿಕ್ ಬಿಲ್ಲೆಯಾಯಿತು. 2025ರಲ್ಲಿ ಬಂದ ನಿಂಟೆಂಡೊ ಸ್ವಿಚ್ 2ರಲ್ಲಿ ‘ಗೇಮ್-ಕೀ ಕಾರ್ಡ್’ ಅಂತ ಇದೆ. ಕೈಗೆ ಕಾರ್ಡ್ ಸಿಗುತ್ತದೆ, ಒಳಗೆ ಆಟ ಇರುವುದಿಲ್ಲ. ಅದು ಡೌನ್‌ಲೋಡಿಗೆ ಬೀಗದ ಕೈ ಮಾತ್ರ. ಹಾಗಾಗಿ ಡಬ್ಬದ ಮೇಲಿನ ಸಣ್ಣ ಅಕ್ಷರವನ್ನು ಬಿಡದೆ ಓದಿ. ಇಂಟರ್‌ನೆಟ್ ಕಡ್ಡಾಯ ಅಂತ ಇದ್ದರೆ ಆ ಆಟವನ್ನು ‘ಇದ್ದಷ್ಟು ದಿನ’ದ ಲೆಕ್ಕಕ್ಕೆ ಹಾಕಿ. ಕೋರ್ಸಿಗೆ ಬೇಕೇ ಬೇಕಾದರೆ ತನ್ನಿ, ಬೇಡ ಅನ್ನುವುದಿಲ್ಲ. ಆದರೆ ಆಡುವುದನ್ನು ವಿಡಿಯೊ ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ. ಸರ್ವರ್ ನಿಂತ ಮೇಲೆ ಉಳಿಯುವುದು ಅದೇ.

ಕೊಳ್ಳುವಾಗ ಇನ್ನೆರಡು ಮಾತು. ಹೊಸ ಡಬ್ಬದೊಳಗೆ ಒಂದೇ ಸಲ ಬಳಸಬಹುದಾದ ಕೋಡ್ ಚೀಟಿ ಇದ್ದರೆ ಅದನ್ನು ಲೈಬ್ರರಿಯ ಅಕೌಂಟಿಗೇ ಮೊದಲು ಹಾಕಿಕೊಳ್ಳಿ, ಇಲ್ಲದಿದ್ದರೆ ಮೊದಲು ಆಡಿದವರ ಪಾಲಾಗುತ್ತದೆ. ಇನ್ನೊಂದು, ದುಬೈನಿಂದಲೋ ಅಮೆರಿಕದಿಂದಲೋ ನೆಂಟರ ಕೈಲಿ ಡಿಸ್ಕ್ ತರಿಸಿದರೆ ಪಿಎಸ್5ನಲ್ಲಿ ಆಟವೇನೋ ಓಡುತ್ತದೆ. ಆದರೆ ಆ ಆಟದ ಹೆಚ್ಚುವರಿ ಭಾಗಗಳನ್ನು ಭಾರತದ ಅಕೌಂಟಿನಲ್ಲಿ ಕೊಂಡರೆ ಸಾಮಾನ್ಯವಾಗಿ ಹೊಂದಿಕೊಳ್ಳುವುದಿಲ್ಲ. ಆದಷ್ಟು ಇಲ್ಲಿಯದೇ ಡಿಸ್ಕ್ ಕೊಳ್ಳಿ.

ಪಿಸಿ ಆಟಗಳು

ಇಲ್ಲಿ ಡಿಸ್ಕಿನ ಮಾತೇ ಇಲ್ಲ. ಎಲ್ಲರ ಬಾಯಲ್ಲೂ ಸ್ಟೀಮ್, ಪಿಸಿ ಆಟ ಮಾರುವ ಆನ್‌ಲೈನ್ ಅಂಗಡಿ. ಆಡುವವರಿಗೆ ಅದು ಸುಲಭ, ನಮಗೆ ಅಷ್ಟು ಸುಲಭ ಅಲ್ಲ. ಸ್ಟೀಮಿನ ಕರಾರಿನಲ್ಲಿ ಬರೆದಿರುವುದು ಒಬ್ಬ ಮನುಷ್ಯನ ಸ್ವಂತ ಬಳಕೆಗೆ ಅಂತ. ಒಂದು ಅಕೌಂಟ್ ಮಾಡಿ ಹತ್ತು ಕಂಪ್ಯೂಟರಿಗೆ ಹಾಕಿಬಿಡೋಣ ಅನ್ನುವ ಯೋಚನೆ ಬಿಟ್ಟುಬಿಡಿ. ಕೆಫೆಯಂಥ ಜಾಗಗಳಿಗೆ ಅವರದೇ ಬೇರೆ ಪರವಾನಗಿ ವ್ಯವಸ್ಥೆ ಇದೆ, ಅದರ ಬಗ್ಗೆ ಅವರಿಗೇ ಬರೆದು ಕೇಳಿ.

ನನಗೆ ಹೆಚ್ಚು ಹಿಡಿಸಿದ್ದು ಗಾಗ್, ಅಂದರೆ ಜಿಒಜಿ. 2008ರಲ್ಲಿ ಪೋಲೆಂಡಿನಲ್ಲಿ ಶುರುವಾದ ಅಂಗಡಿ. ಅಲ್ಲಿ ಕೊಂಡ ಆಟಕ್ಕೆ ಬೀಗ ಇರುವುದಿಲ್ಲ. ಇನ್‌ಸ್ಟಾಲರ್ ಫೈಲನ್ನು ಇಳಿಸಿಕೊಂಡು ಹಾರ್ಡ್‌ಡಿಸ್ಕಿನಲ್ಲಿ ಇಟ್ಟುಕೊಂಡರೆ ನಾಳೆ ನೆಟ್ ಇಲ್ಲದಿದ್ದರೂ ಆಟ ತೆರೆದುಕೊಳ್ಳುತ್ತದೆ. ಇಚ್.ಐಒ ಅನ್ನುವ ಇನ್ನೊಂದು ಅಂಗಡಿಯಲ್ಲೂ ಹೆಚ್ಚಿನ ಆಟಗಳು ಹೀಗೇ, ಅದರಲ್ಲೂ ಒಬ್ಬಿಬ್ಬರು ಕೂತು ಮಾಡಿದ ಸಣ್ಣ ಆಟಗಳು. ಗಾಗ್‌ನಲ್ಲೂ ಕರಾರು ಸ್ವಂತ ಬಳಕೆಗೇ, ಅದನ್ನು ಮರೆಯಬೇಡಿ. ಅದಕ್ಕೆ ನಾನು ಮಾಡುವುದು ಇಷ್ಟು: ಆಟ ಮಾಡಿದವರಿಗೇ ಒಂದು ಮೇಲ್ ಹಾಕುತ್ತೇನೆ. ಇಂಥ ಕಾಲೇಜು, ಇಷ್ಟು ಕಂಪ್ಯೂಟರ್, ಪಾಠಕ್ಕೆ, ದುಡ್ಡು ತೆಗೆದುಕೊಳ್ಳುವುದಿಲ್ಲ, ಒಪ್ಪಿಗೆ ಕೊಡ್ತೀರಾ ಅಂತ. ಸಣ್ಣ ತಂಡಗಳು ಖುಷಿಯಿಂದ ಉತ್ತರ ಬರೆಯುತ್ತವೆ. ಆ ಉತ್ತರವನ್ನು ಪ್ರಿಂಟ್ ತೆಗೆದು ಫೈಲಿಗೆ ಹಾಕಿ. ಮುಂದೆ ಯಾರಾದರೂ ಕೇಳಿದರೆ ತೋರಿಸೋಕೆ ಕಾಗದ ಬೇಕು.

ಹಳೆಯ ಯಂತ್ರವೋ, ಎಮ್ಯುಲೇಟರೋ

ಹಳೆಯ ಆಟ ತೋರಿಸಬೇಕು ಅಂದಾಗ ಈ ಪ್ರಶ್ನೆ ಎದುರಾಗುತ್ತದೆ. ಹಳೆಯ ಯಂತ್ರದ ಮೇಲೆ ನನಗೆ ಬಹಳ ಪ್ರೀತಿ, ಮೊದಲೇ ಹೇಳಿಬಿಡುತ್ತೇನೆ. ಆದರೂ ಹೊಸದಾಗಿ ಶುರು ಮಾಡುವ ಕಾಲೇಜಿಗೆ ಅದನ್ನು ಮೊದಲ ವರ್ಷ ತರಬೇಡಿ ಅಂತಲೇ ಹೇಳುತ್ತೇನೆ.

ಡಕ್ ಹಂಟ್ ಅಂತ ನಿಂಟೆಂಡೊ ಆಟ ಇದೆ, ಆಟಿಕೆ ಬಂದೂಕು ಹಿಡಿದು ಪರದೆಯ ಬಾತುಕೋಳಿಗೆ ಗುರಿಯಿಟ್ಟು ಹೊಡೆಯುವುದು. ಟ್ರಿಗರ್ ಒತ್ತಿದ ಕ್ಷಣ ಪರದೆ ಪೂರ್ತಿ ಕಪ್ಪಾಗುತ್ತದೆ, ಆಮೇಲೆ ಬಾತುಕೋಳಿ ಇದ್ದ ಜಾಗ ಬಿಳಿ ಚೌಕವಾಗುತ್ತದೆ. ಕಣ್ಣಿಗೆ ಮಿಂಚಿದಂತೆ ಕಾಣುತ್ತದೆ ಅಷ್ಟೆ. ಬಂದೂಕಿನ ಮೂತಿಯಲ್ಲಿರುವ ಬೆಳಕಿನ ಸೆನ್ಸರ್ ಆ ಬಿಳಿಯನ್ನು ಕಂಡರೆ ಗುರಿ ತಾಗಿತು ಅಂತ ಲೆಕ್ಕ. ಬೆಳಕು ಚೆಲ್ಲುವುದು ಬಂದೂಕಲ್ಲ, ಟಿವಿ! ಹಳೆಯ ಡಬ್ಬ ಟಿವಿಗೆ ಹೊಂದಿಸಿ ಮಾಡಿದ ಲೆಕ್ಕ ಇದು. ಚಪ್ಪಟೆ ಎಲ್‌ಸಿಡಿ ಚಿತ್ರವನ್ನು ತುಸು ತಡವಾಗಿ ತೋರಿಸುತ್ತದೆ, ಬೆಳಕಿನ ಬಗೆಯೂ ಬೇರೆ. ಎಷ್ಟು ಹೊಡೆದರೂ ಒಂದು ಹಕ್ಕಿಯೂ ಬೀಳುವುದಿಲ್ಲ. ಅಂದರೆ ಈ ಒಂದು ಆಟ ಇಟ್ಟುಕೊಳ್ಳಬೇಕಾದರೆ ಆಟ ತುಂಬಿದ ಕ್ಯಾಟ್ರಿಜ್ ಡಬ್ಬಿ, ಯಂತ್ರ, ಬಂದೂಕು, ಡಬ್ಬ ಟಿವಿ ನಾಲ್ಕೂ ಬೇಕು. ಡಬ್ಬ ಟಿವಿ ರಿಪೇರಿ ಮಾಡುವ ಯಜಮಾನರು ನಿಮ್ಮೂರಿನಲ್ಲಿ ಇನ್ನೂ ಇದ್ದಾರಾ, ಮೊದಲು ನೋಡಿಕೊಳ್ಳಿ.

ಇನ್ನು ಬ್ಯಾಟರಿ. ಕ್ಯಾಟ್ರಿಜ್ ಆಟಗಳಲ್ಲಿ ಹಲವಕ್ಕೆ ಒಳಗೆ ನಾಣ್ಯದಂಥ ಬ್ಯಾಟರಿ ಇರುತ್ತದೆ. ಆಡಿದ್ದು ನೆನಪಿಟ್ಟುಕೊಳ್ಳುವುದು ಅದರ ಬಲದಿಂದ. ಒಮ್ಮೆ ಒಂದು ಗೇಮ್‌ಬಾಯ್ ಕ್ಯಾಟ್ರಿಜ್ ಬಿಚ್ಚಿದ್ದೆ, ಪೊಕೆಮಾನ್ ಗೋಲ್ಡ್. ಅದರ ಸ್ಕ್ರೂ ಸಾಮಾನ್ಯ ಸ್ಕ್ರೂಡ್ರೈವರಿಗೆ ಬಗ್ಗಲ್ಲ, 3.8 ಮಿ.ಮೀ. ಗೇಮ್‌ಬಿಟ್ ಬೇಕು. ಬಿಚ್ಚಿದರೆ ಒಳಗೆ ಪುಟ್ಟ ಹಸಿರು ಬೋರ್ಡು, ಮೂಲೆಯಲ್ಲಿ ಬ್ಯಾಟರಿ, ಅದನ್ನು ಎರಡು ತಗಡಿನ ಪಟ್ಟಿಯಿಂದ ಬೆಸೆದಿದ್ದಾರೆ. ಆ ಆಟದಲ್ಲಿ ಗಡಿಯಾರವೂ ಓಡುವುದರಿಂದ ಬ್ಯಾಟರಿ ಬೇಗ ಸಾಯುತ್ತದೆ. ಬೆಸುಗೆ ಬಿಡಿಸಿ ಹೊಸದು ಹಾಕಿದೆ. ಹಳೆಯದನ್ನು ತೆಗೆದ ಕ್ಷಣ ಒಳಗಿದ್ದ ಸೇವ್ ಅಳಿಸಿಹೋಗುತ್ತದೆ ಅಂತ ಗೊತ್ತಿತ್ತು, ಅದಕ್ಕೇ ಮೊದಲೇ ಕಾಪಿ ತೆಗೆದಿಟ್ಟುಕೊಂಡಿದ್ದೆ. ಒಬ್ಬ ಹುಡುಗನ ಹೆಸರು ಅದರಲ್ಲಿತ್ತು. ಅದನ್ನು ಅಳಿಸೋಕೆ ಮನಸ್ಸು ಬರಲಿಲ್ಲ.

ನಮ್ಮಲ್ಲಿ ಇನ್ನೊಂದು ಅಪಾಯ, ಕರೆಂಟು. ಅಮೆರಿಕದ ಹಳೆಯ ಯಂತ್ರದ ಅಡಾಪ್ಟರ್ 120 ವೋಲ್ಟಿಗೆ, ಜಪಾನಿನದು 100ಕ್ಕೆ. ನಮ್ಮ 230ರ ಗೋಡೆಗೆ ನೇರ ಚುಚ್ಚಿದರೆ ಹೊಗೆ ಬರುತ್ತದೆ. ಟ್ರಾನ್ಸ್‌ಫಾರ್ಮರ್ ಇಲ್ಲದೆ ಮುಟ್ಟಬೇಡಿ.

ಎಮ್ಯುಲೇಟರ್ ಅಂದರೆ ಹಳೆಯ ಯಂತ್ರದ ಕೆಲಸವನ್ನು ಇವತ್ತಿನ ಕಂಪ್ಯೂಟರಿನಲ್ಲಿ ಮಾಡಿಸುವ ಪ್ರೋಗ್ರಾಂ. ಒಂದು ಕಂಪ್ಯೂಟರಿನಲ್ಲಿ ಇಪ್ಪತ್ತು ಯಂತ್ರ ಬಂದು ಕೂರುತ್ತವೆ. ಆಟವನ್ನು ಬೇಕಾದ ಕಡೆ ನಿಲ್ಲಿಸಿ ಕ್ಲಾಸಿನಲ್ಲಿ ತೋರಿಸಬಹುದು, ಪಾಠಕ್ಕೆ ಇದಕ್ಕಿಂತ ಅನುಕೂಲ ಇಲ್ಲ. ತೊಡಕು ಇರುವುದು ಆಟದ ಕಾಪಿ ಎಲ್ಲಿಂದ ಬಂತು ಅನ್ನುವುದರಲ್ಲಿ. ಸುಮ್ನೆ ನೆಟ್ಟಿನಿಂದ ಇಳಿಸಿಕೊಂಡದ್ದನ್ನು ಲೈಬ್ರರಿಯಲ್ಲಿ ಇಡೋಕಾಗಲ್ಲ. ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಲೈಬ್ರರಿಗೆ ಸ್ಟೀಫನ್ ಕ್ಯಾಬ್ರಿನೆಟಿ ಅನ್ನುವವರು ಜೀವನಪೂರ್ತಿ ಕೂಡಿಸಿದ ಸಾವಿರಾರು ಗೇಮ್ ಮತ್ತು ಸಾಫ್ಟ್‌ವೇರ್ 1998ರಲ್ಲಿ ಬಂದವು. ಅವನ್ನು ಅಮೆರಿಕದ ಸರ್ಕಾರಿ ಸಂಸ್ಥೆ ನಿಸ್ಟ್ ಜೊತೆ ಸೇರಿ ಒಂದೊಂದಾಗಿ ಕಾಪಿ ತೆಗೆದು ಉಳಿಸಿದರು. ಹಾಗೆ ಉಳಿಸಿದ ಆಟಗಳನ್ನು ಸಂಶೋಧಕರು ದೂರದಿಂದ ಆಡಲು ಬಿಡಿ ಅಂತ ಅಲ್ಲಿನ ಲೈಬ್ರರಿಗಳ ಪರವಾಗಿ ಅರ್ಜಿ ಹೋಗಿತ್ತು. 2024ರ ಅಕ್ಟೋಬರಿನಲ್ಲಿ ಅಮೆರಿಕದ ಕಾಪಿರೈಟ್ ಕಚೇರಿ ಒಪ್ಪಲಿಲ್ಲ. ಒಂದು ಆಟ ನೋಡಲು ಸಾವಿರಾರು ಮೈಲಿ ಹೋಗಬೇಕು ಅನ್ನುವುದು ನನಗೆ ಅನ್ಯಾಯ ಅಂತಲೇ ಅನ್ನಿಸುತ್ತದೆ.

ಹಾಗಾದರೆ ಏನು ಮಾಡೋಣ? ಹಳೆಯ ಆಟಗಳಲ್ಲಿ ಕಂಪನಿಗಳೇ ಹೊಸ ಯಂತ್ರಕ್ಕೆ ಮತ್ತೆ ತಂದ ಸಂಗ್ರಹಗಳಿವೆ, ಅವನ್ನು ಡಿಸ್ಕಿನಲ್ಲಿ ಕೊಳ್ಳಿ. ಪಾಠಕ್ಕೆ ಹೆಚ್ಚಿನದು ಅದರಲ್ಲೇ ಆಗಿಬಿಡುತ್ತದೆ. ಯಂತ್ರ ಇಡಲೇಬೇಕು ಅನ್ನುವುದಾದರೆ ಅಮೆರಿಕದ ಹಳೆಯ ಅಟಾರಿ ಯಂತ್ರದ ಹಿಂದೆ ಬೀಳಬೇಡಿ, ಅದನ್ನು ಕಾಪಾಡುವವರು ಬೇರೆ ಇದ್ದಾರೆ. ನಮ್ಮ ಟಿವಿ ಗೇಮ್ ಹುಡುಕಿ. ತೊಂಬತ್ತರ ದಶಕದಲ್ಲಿ ಬೇಸಿಗೆ ರಜೆಗೆ ಮನೆಮನೆಗೂ ಬಂತಲ್ಲ, ‘9999 ಇನ್ 1’ ಅಂತ ಬರೆದ ಹಳದಿ ಕ್ಯಾಟ್ರಿಜ್, ಆಡೋಕೆ ಕೂತರೆ ಅದೇ ಹತ್ತಿಪ್ಪತ್ತು ಆಟ ತಿರುಗಿ ತಿರುಗಿ ಬರುತ್ತಿತ್ತು. ಅವು ನಿಂಟೆಂಡೊ ಜಪಾನಿನಲ್ಲಿ ಮಾರುತ್ತಿದ್ದ ಫ್ಯಾಮಿಕಾಮ್ ಯಂತ್ರದ ನಕಲು. ಫ್ಯಾಮಿಕಾಮ್ ಕ್ಯಾಟ್ರಿಜ್‌ಗೆ 60 ಪಿನ್, ಅದೇ ಯಂತ್ರದ ಅಮೆರಿಕದ ರೂಪವಾದ ಎನ್‌ಇಎಸ್‌ಗೆ 72. ನಮ್ಮವು 60ರವು, ಹಾಗಾಗಿ ಒಂದು ಇನ್ನೊಂದಕ್ಕೆ ಕೂರಲ್ಲ. ನಕಲು ಅಂತ ತಾತ್ಸಾರ ಮಾಡಬೇಡಿ. ಭಾರತದ ಒಂದು ತಲೆಮಾರು ಗೇಮ್ ಅಂದರೆ ಏನು ಅಂತ ಕಲಿತದ್ದು ಅದರಲ್ಲೇ. ನಾವು ಅಟ್ಟದಿಂದ ಇಳಿಸಿ ಇಟ್ಟುಕೊಳ್ಳದಿದ್ದರೆ ಗುಜರಿಗೆ ಹೋಗುತ್ತದೆ. ಅದರ ಕಾಪಿರೈಟ್ ಗೋಜಲು ಇರುವುದರಿಂದ ಆಡಿಸುವ ಬದಲು ಗಾಜಿನ ಪೆಟ್ಟಿಗೆಯಲ್ಲಿ ಇಡಿ. ಯಾರ ಮನೆಯಿಂದ ಬಂತು, ಎಲ್ಲಿ ಕೊಂಡದ್ದು ಅಂತ ಚೀಟಿ ಬರೆದಿಡಿ. ನಮ್ಮಲ್ಲಿರುವುದು ಮೆಜೆಸ್ಟಿಕ್ ಹತ್ತಿರದ ನ್ಯಾಷನಲ್ ಮಾರ್ಕೆಟ್ಟಿನಲ್ಲಿ ಕೊಂಡದ್ದು, ಕೊಟ್ಟವರ ತಂದೆ ಬರೆದಿಟ್ಟ ಬಿಲ್ ಸಮೇತ.

ದುಡ್ಡೇ ಇಲ್ಲದಿದ್ದರೆ

ಆಟವನ್ನೇ ಕೊಳ್ಳದೆಯೂ ಗೇಮ್ ಸಂಗ್ರಹ ಮಾಡಬಹುದು. ಟೆಕ್ಸಸ್ ವಿಶ್ವವಿದ್ಯಾಲಯದ ಬ್ರಿಸ್ಕೋ ಸೆಂಟರ್ ಆಸ್ಟಿನ್ ಸುತ್ತಮುತ್ತ ಆಟ ಮಾಡಿದವರ ಕಾಗದಪತ್ರಗಳನ್ನು ಕೂಡಿಸುತ್ತಾ ಬಂದಿದೆ. ಡಿಸೈನ್ ಟಿಪ್ಪಣಿ, ಚಿತ್ರ, ಪತ್ರ, ಬಿಟ್ಟುಹೋದ ಯೋಜನೆ. ಆಟ ಹೇಗೆ ಹುಟ್ಟಿತು ಅಂತ ಆಟ ಆಡಿದರೆ ಗೊತ್ತಾಗಲ್ಲ, ಈ ಕಾಗದದಲ್ಲಿ ಗೊತ್ತಾಗುತ್ತದೆ.

ಬೆಂಗಳೂರಿನ ಕಾಲೇಜುಗಳಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಇಲ್ಲ. ಧ್ರುವ ಇಂಟರ್ಯಾಕ್ಟಿವ್ ಕಂಪನಿ ಇಲ್ಲಿ ಗೇಮ್ ಕೆಲಸ ಶುರು ಮಾಡಿದ್ದು 1997ರಲ್ಲಿ. ಅವತ್ತಿನಿಂದ ಎಷ್ಟು ಜನ ಈ ಊರಿನಲ್ಲಿ ಕೂತು ಆಟಗಳಿಗೆ ಚಿತ್ರ ಬಿಡಿಸಿದ್ದಾರೆ, ಕೋಡ್ ಬರೆದಿದ್ದಾರೆ! ಅವರ ಹಳೆಯ ನೋಟ್‌ಬುಕ್‌ಗಳು ಮನೆಯ ಬೀರುವಿನಲ್ಲಿರುತ್ತವೆ. ಹೋಗಿ ಕೇಳಿ. ಕಂಪನಿಯ ಗುಟ್ಟು ಇರುವ ಕಾಗದ ಬೇಡ, ಅವರ ಸ್ವಂತದ್ದು ಸಾಕು, ಕೊಡುವ ಮಾತನ್ನು ಬರಹದಲ್ಲಿ ತೆಗೆದುಕೊಳ್ಳಿ. ಖರ್ಚು ಒಂದೆರಡು ಆರ್ಕೈವ್ ಪೆಟ್ಟಿಗೆ. ಹೊರಗಿನ ಹಳೆಯ ಗೇಮ್ ಪತ್ರಿಕೆಗಳು ಬೇಕಾದರೆ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2025ರ ಜನವರಿಯಲ್ಲಿ ತೆರೆದ ಡಿಜಿಟಲ್ ಲೈಬ್ರರಿಯಲ್ಲಿ ಪುಕ್ಕಟೆ ಓದಬಹುದು.

ಜೊತೆಗೆ ಒಂದು ಚೌಕಾಬಾರ, ಒಂದು ಅಳಗುಳಿ ಮಣೆ ಇಡಿ. ಆಟದ ನಿಯಮ ಹೇಗೆ ಕೆಲಸ ಮಾಡುತ್ತೆ ಅಂತ ಹೇಳಿಕೊಡಲು ಕರೆಂಟೂ ಬೇಡ.

ಕಪಾಟಿಗೆ ಏರಿಸುವಾಗ

ಲೈಬ್ರರಿಗಳ ಡ್ಯೂಯಿ ವರ್ಗೀಕರಣದ ಪ್ರಕಾರ ವಿಡಿಯೊ ಗೇಮಿನ ಸಂಖ್ಯೆ 794.8. ಕೋಹಾ ಅನ್ನುವ ಲೈಬ್ರರಿ ಸಾಫ್ಟ್‌ವೇರಿನಲ್ಲಿ ಏರಿಸುವಾಗ ಹೆಸರು, ವರ್ಷ ಮಾತ್ರ ಬರೆದರೆ ಸಾಲದು. ಯಾವ ಯಂತ್ರಕ್ಕೆ, ಯಾವ ದೇಶದ ಡಿಸ್ಕ್, ನೆಟ್ ಬೇಕಾ ಬೇಡವಾ, ಡಿಸ್ಕಿನಲ್ಲಿರುವ ಆವೃತ್ತಿ ಯಾವುದು, ಇವು ನಾಲ್ಕನ್ನೂ ಬರೆಯಿರಿ. ಕೈಯಲ್ಲಿ ಹಿಡಿದು ಆಡುವ ಕಂಟ್ರೋಲರಿಗೂ ಅಕ್ಸೆಶನ್ ನಂಬರ್, ಅಂದರೆ ಲೈಬ್ರರಿಯ ದಾಖಲೆ ಸಂಖ್ಯೆ ಕೊಡಿ, ಮೊದಲು ಹಾಳಾಗುವುದು ಅದೇ.

ಮೇಷ್ಟ್ರ ಚೀಟಿಯ ಐದು ಡಿಸ್ಕ್ ಮೊದಲ ತಿಂಗಳೇ ಬಂದವು. ಡೌನ್‌ಲೋಡಿನ ಮೂರರಲ್ಲಿ ಎರಡು ಗಾಗ್‌ನಲ್ಲಿ ಸಿಕ್ಕವು, ಮಾಡಿದವರಿಂದ ಒಪ್ಪಿಗೆಯ ಇಮೇಲ್ ಕೂಡ ಬಂತು. ಸಿಗದ ಎರಡರ ಬದಲು ಅವರು ಬೇರೆ ಎರಡು ಆರಿಸಿಕೊಂಡರು. ಕೋಣೆಯಲ್ಲಿ ಕನ್ಸೋಲ್ ಪಕ್ಕ ಒಂದು ಇನ್ನೂರು ಪೇಜಿನ ನೋಟ್‌ಬುಕ್ಕನ್ನು ದಾರ ಕಟ್ಟಿ ಇಟ್ಟಿದ್ದೇವೆ. ಆಡಿ ಏಳುವವರು ಎಲ್ಲಿ ಸಿಕ್ಕಿಹಾಕಿಕೊಂಡೆ, ಹೇಗೆ ದಾಟಿದೆ ಅಂತ ನಾಲ್ಕು ಸಾಲು ಬರೆಯಬೇಕು. ಮೊದಲನೆಯದು ತುಂಬಿತು. ಅದಕ್ಕೂ ಅಕ್ಸೆಶನ್ ನಂಬರ್ ಹಾಕಿ, ಆ ಐದು ಡಿಸ್ಕಿನ ಪಕ್ಕದಲ್ಲೇ ನಿಲ್ಲಿಸಿದ್ದೇವೆ.